ಮತ್ತಿಮರಕ್ಕೆ ಕಟ್ಟದ ಬಟ್ಟೆ

ಬೆಟ್ಟದ ಬುಡದಲ್ಲಿ ಬೇಟೆಗಾರರ ಒಂದು ಹಟ್ಟಿ ಇತ್ತು. ಅಲ್ಲಿ ದುಗ್ಗಣ್ಣ, ಹಾಲಪ್ಪ ಎಂಬ ಇಬ್ಬರು ಷಡ್ಡಕರಿದ್ದರು. ಅಕ್ಕ ಹೊನ್ನಮ್ಮನನ್ನು ದುಗ್ಗಣ್ಣ ಮದುವೆಯಾಗಿದ್ದ, ತಂಗಿ ಲಕ್ಕಮ್ಮನನ್ನು ಹಾಲಪ್ಪ. ಎರಡು ಮನೆಗೂ ನಡುವೆ ಒಂದೇ ಗೋಡೆ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು ಬರುತ್ತಿತ್ತು.

ಇಬ್ಬರಿಗೂ ಬಿಲ್ಲು ಹಿಡಿಯಲು ಕಲಿಸಿದವನು ಅವರ ಮಾವ ಬೈರಜ್ಜ. ಅವನು ಕಲಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಗಮನವಿಟ್ಟು ಕೇಳಿ. ಕೊನೆಯಲ್ಲಿ ನಿಮಗೇ ಬೇಕಾಗುತ್ತದೆ.

ಆ ಹಟ್ಟಿಯವರು ಕೊಂಬು ಬಲಿತ ಗಂಡು ಕಡವೆಗೆ ಮಾತ್ರ ಬಾಣ ಬಿಡುತ್ತಿದ್ದರು. ಮರಿ, ಹೆಣ್ಣು, ಎಳೆಯ ಗಂಡು ಯಾವುದನ್ನೂ ಮುಟ್ಟುವಂತಿರಲಿಲ್ಲ. ಬೇಟೆಗಾಲ ಶುರುವಾಗುವ ಹೊತ್ತಿಗೆ ಗಂಡು ಕಡವೆಗಳು ಹೆಣ್ಣಿಗಾಗಿ ಕಾದಾಡುತ್ತವೆ. ಕೊಂಬಿಗೆ ಕೊಂಬು ಬಡಿದು ಕಾಡೆಲ್ಲ ಟಕಟಕ ಎನ್ನುತ್ತದೆ. ಬೇಟೆಗಾರರು ಪೊದೆಯಲ್ಲಿ ಕೂತು, ಉದುರಿ ಬಿದ್ದ ಹಳೆಯ ಕೊಂಬುಗಳನ್ನು ಹಾಗೆಯೇ ಬಡಿಯುತ್ತಾರೆ. ಯಾರೋ ನನ್ನ ಜಾಗಕ್ಕೆ ಬಂದು ಜಗಳ ಆಡುತ್ತಿದ್ದಾರೆ ಎಂದು ದೊಡ್ಡ ಗಂಡು ಸಿಟ್ಟಿನಿಂದ ಓಡಿ ಬರುತ್ತದೆ. ಆದರೆ ಬೇಟೆಗಾಲ ಮುಗಿಯುತ್ತ ಬಂದಾಗ ಈ ಆಟ ನಡೆಯುವುದಿಲ್ಲ. ಕಾದಾಡಿ ಕಾದಾಡಿ ಗಂಡುಗಳು ಸೊರಗಿರುತ್ತವೆ. ತಿನ್ನುವುದು, ಮಲಗುವುದು ಬಿಟ್ಟರೆ ಅವಕ್ಕೆ ಬೇರೆ ಯಾವುದೂ ಬೇಡ.

"ಕಡೇಗಾಲದಾಗೆ ಕೊಂಬಿನ ಸದ್ದು ಕೇಳುಸ್ತು ಅಂದ್ರೆ ಅದು ಕಡವೆ ಅಲ್ಲ ಕಣ್ರಲಾ, ಮನುಷ್ಯ," ಎಂದು ಬೈರಜ್ಜ ಹೇಳಿಕೊಟ್ಟಿದ್ದ. "ಆಗ ಹಳ್ಳದ ನೆಲ್ಲಿಮರದ ತಾವ ಹೋಗಿ ಸುಮ್ಕೆ ಕುಂತ್ಕಳಿ. ಹಸಿವಾದ್ರೆ ಕಡವೆ ತಾನಾಗೇ ಬತ್ತದೆ."

ಹಟ್ಟಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕಾಡಿನ ಬಾಯಲ್ಲಿ ಒಂದು ದೊಡ್ಡ ಮತ್ತಿಮರ. ಒಳಗೆ ಹೋಗುವವನು ತನ್ನ ಮನೆಯ ಬಣ್ಣದ ಬಟ್ಟೆಯ ತುಂಡೊಂದನ್ನು ಆ ಮರಕ್ಕೆ ಕಟ್ಟಬೇಕು. ಹಿಂದಿರುಗುವಾಗ ಬಿಚ್ಚಿಕೊಳ್ಳಬೇಕು. ದುಗ್ಗಣ್ಣನ ಮನೆಯದು ಕೆಂಪು, ಹಾಲಪ್ಪನ ಮನೆಯದು ಹಳದಿ. ಮರ ನೋಡಿದರೆ ಸಾಕು, ಕಾಡಿನಲ್ಲಿ ಯಾರು ಯಾರು ಇದ್ದಾರೆಂದು ತಿಳಿಯುತ್ತಿತ್ತು. ಸಣ್ಣ ಬಟ್ಟೆ, ಆದರೆ ಅದರಿಂದ ಎಷ್ಟೋ ಜೀವ ಉಳಿದಿತ್ತು.

ಷಡ್ಡಕರು ಒಂದೇ ತಟ್ಟೆಯಲ್ಲಿ ಉಂಡವರು. ಅವರ ನಡುವೆ ಹುಳಿ ಹಿಂಡಿದ್ದು ಬಾಗಿಲ ಮೇಲಿನ ಕೊಂಬು. ಹಟ್ಟಿಯಲ್ಲಿ ಎಲ್ಲರೂ ತಾವು ಹೊಡೆದ ದೊಡ್ಡ ಕಡವೆಯ ಕೊಂಬನ್ನು ಬಾಗಿಲ ಮೇಲೆ ತೂಗುಹಾಕುತ್ತಿದ್ದರು. ದುಗ್ಗಣ್ಣನ ಬಾಗಿಲಿನದೇ ಎಲ್ಲಕ್ಕಿಂತ ದೊಡ್ಡದು. ಬಂದ ನೆಂಟರೆಲ್ಲ ಅದನ್ನು ನೋಡಿ ಬಾಯಿ ತೆರೆದು ನಿಲ್ಲುತ್ತಿದ್ದರು. ಹೋದ ವರ್ಷ ಹಾಲಪ್ಪ ಅದಕ್ಕಿಂತ ನಾಲ್ಕು ಬೆರಳು ಉದ್ದದ ಕೊಂಬು ತಂದ.

"ಏನ್ಲಾ ಹಾಲಪ್ಪ, ಬಾಗ್ಲಿಗಿಂತ ಕೊಂಬೇ ದೊಡ್ಡದಾಯ್ತಲ್ಲ. ನಿನ್ನ ಮನೆಗೆ ಬಗ್ಗಿ ಬರ್ಬೇಕಾ?" ಎಂದ ದುಗ್ಗಣ್ಣ.

"ಬಗ್ಗಿ ಬಾ ಅಣ್ಣ. ಬಗ್ಗಿದ್ರೆ ಸೊಂಟಕ್ಕೂ ಒಳ್ಳೇದು," ಎಂದ ಹಾಲಪ್ಪ.

ಸುತ್ತ ಇದ್ದವರು ನಕ್ಕರು. ದುಗ್ಗಣ್ಣನೂ ನಕ್ಕ. ಆದರೆ ಅಂದಿನಿಂದ ಅವನು ಆ ಬಾಗಿಲು ದಾಟಲಿಲ್ಲ. ಹಾಲಪ್ಪನೂ ಕರೆಯಲಿಲ್ಲ. ಗೋಡೆಯ ಆಚೆ ಈಚೆ ಅಕ್ಕತಂಗಿಯರು ಮಾತ್ರ ಮಾತಾಡಿಕೊಳ್ಳುತ್ತಿದ್ದರು.

ಆ ಬೆಟ್ಟದಲ್ಲಿ ಒಂದು ಮುದಿ ಗಂಡು ಕಡವೆ ಇತ್ತು. ಬೆನ್ನು ಬೂದಿ ಬಳಿದ ಹಾಗಿದ್ದುದರಿಂದ ಅದನ್ನು ಬೂದಿಬೆನ್ನ ಎನ್ನುತ್ತಿದ್ದರು. ಅದರ ಕೊಂಬು ಹಟ್ಟಿಯ ಯಾವ ಬಾಗಿಲಿಗೂ ಹಿಡಿಸದಷ್ಟು ದೊಡ್ಡದು. ಇಬ್ಬರ ಕಣ್ಣೂ ಅದರ ಮೇಲೆ. ಇಡೀ ಬೇಟೆಗಾಲ ಅಲೆದರೂ ಅದು ಇಬ್ಬರಿಗೂ ಸಿಗಲಿಲ್ಲ. ಕೊನೆಗೆ ಒಂದೇ ದಿನ ಉಳಿಯಿತು. ಮರುದಿನ ಬಿಲ್ಲು ಬಾಣಗಳಿಗೆ ಪೂಜೆ ಮಾಡಿ ಅಟ್ಟಕ್ಕೆ ಹಾಕಬೇಕು.

ಆ ಬೆಳಿಗ್ಗೆ ದುಗ್ಗಣ್ಣ ಹೆಂಡತಿಗೆ, "ಬಿದಿರು ಕಡಿಯಾಕೆ ಹೋಯ್ತೀನಿ," ಎಂದ. ಹಾಲಪ್ಪ ತನ್ನ ಹೆಂಡತಿಗೆ, "ಆಚೆ ಗುಡ್ಡದಾಗೆ ಜೇನು ಅದಂತೆ, ನೋಡ್ಕೊಂಡು ಬತ್ತೀನಿ," ಎಂದ. ಗೋಡೆಯ ಮೂಲಕ ಎರಡು ಸುಳ್ಳೂ ಎರಡು ಮನೆಗೂ ತಲುಪಿದವು. ಇಬ್ಬರಿಗೂ ಸಮಾಧಾನವಾಯಿತು.

ದುಗ್ಗಣ್ಣ ಮೊದಲು ಮತ್ತಿಮರದ ಹತ್ತಿರ ಬಂದ. ಕೆಂಪು ಬಟ್ಟೆ ಕೈಗೆ ತೆಗೆದುಕೊಂಡ. 'ಇದನ್ನು ನೋಡಿದರೆ ಹಾಲಪ್ಪ ಜೇನು ಬಿಟ್ಟು ನನ್ನ ಹಿಂದೆಯೇ ಬರುತ್ತಾನೆ' ಎಂದುಕೊಂಡ. ಬಟ್ಟೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಹಾಲಪ್ಪ ಬಂದ. ಮರದಲ್ಲಿ ಯಾವ ಬಟ್ಟೆಯೂ ಇರಲಿಲ್ಲ. 'ಸದ್ಯ, ದುಗ್ಗಣ್ಣ ಬಂದಿಲ್ಲ' ಎಂದುಕೊಂಡ. ಅವನೂ ಹಳದಿ ಬಟ್ಟೆ ತೆಗೆದ. ಅವನಿಗೂ ಅದೇ ಯೋಚನೆ ಬಂತು. ಅವನೂ ಸೊಂಟಕ್ಕೆ ಸಿಕ್ಕಿಸಿಕೊಂಡ.

ಒಂದು ಬಟ್ಟೆ ಕಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ನನಗೆ ಈ ಕಥೆ ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ಮೈ ಜುಂ ಎನ್ನುತ್ತದೆ. ಓಡಿ ಹೋಗಿ ಇಬ್ಬರ ರಟ್ಟೆ ಹಿಡಿದು ಎಳೆದು ತರೋಣ ಅನ್ನಿಸುತ್ತದೆ. ಆದರೆ ಆ ದಿನ ಅಲ್ಲಿ ಯಾರೂ ಇರಲಿಲ್ಲ. ಮರ ಬರಿದಾಗಿ ನಿಂತಿತ್ತು.

ಕಾಡಿನಲ್ಲಿ ಮಂಜು ದಟ್ಟವಾಗಿ ಕವಿದಿತ್ತು. ಹತ್ತು ಮಾರು ದೂರದ ಮರವೂ ನೆರಳಿನಂತೆ ಕಾಣುತ್ತಿತ್ತು. ದುಗ್ಗಣ್ಣ ಒಂದು ಕಣಿವೆಯ ಈಚೆ ಕೂತ. ಹಾಲಪ್ಪ ಅದೇ ಕಣಿವೆಯ ಆಚೆ ಕೂತ. ಇಬ್ಬರೂ ಚಳಿಗೆ ಕಂದು ಕಂಬಳಿ ಹೊದ್ದಿದ್ದರು. ಕಾದರು. ಬೂದಿಬೆನ್ನನ ಸುಳಿವಿಲ್ಲ.

ಹಾಲಪ್ಪನಿಗೆ ತಾಳ್ಮೆ ತಪ್ಪಿತು. 'ಒಂದು ಸಲ ಬಡಿದು ನೋಡೋಣ, ಗಂಟೇನು ಹೋಗುತ್ತದೆ' ಎಂದು ಚೀಲದಿಂದ ಹಳೆಯ ಕೊಂಬು ತೆಗೆದು ಟಕ್ ಟಕ್ ಎಂದು ಬಡಿದ.

ಈಚೆ ದುಗ್ಗಣ್ಣನ ಕಿವಿ ನಿಮಿರಿತು. ಕೊಂಬಿನ ಸದ್ದು! 'ಈ ವರ್ಷ ಮಳೆ ತಡವಾಗಿ ಬಂತಲ್ಲ, ಅದಕ್ಕೇ ಇವುಗಳ ಕಾದಾಟವೂ ತಡ' ಎಂದು ತನಗೆ ತಾನೇ ಹೇಳಿಕೊಂಡ. ಬೂದಿಬೆನ್ನನನ್ನು ಹತ್ತಿರ ಕರೆಯಲು ತನ್ನ ಕೊಂಬುಗಳನ್ನು ತೆಗೆದು ಅವನೂ ಬಡಿದ.

ಆಚೆ ಹಾಲಪ್ಪನ ಕೂದಲು ನೆಟ್ಟಗಾಯಿತು. ಉತ್ತರ ಬಂತು! ಅವನು ಮತ್ತೆ ಬಡಿದ. ದುಗ್ಗಣ್ಣ ಮತ್ತೆ ಬಡಿದ. ಒಂದು ವರ್ಷದಿಂದ ಮುಖ ಕೊಟ್ಟು ಮಾತಾಡದವರು ಕೊಂಬಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿಕೊಂಡರು ನೋಡಿ. ಇವನೊಂದು ಹೆಜ್ಜೆ ಇಳಿದ, ಅವನೊಂದು ಹೆಜ್ಜೆ ಇಳಿದ. ಸದ್ದು ಹತ್ತಿರ ಹತ್ತಿರ ಬಂತು.

ಕಣಿವೆಯ ತಳಕ್ಕೆ ಬಂದಾಗ ಇಬ್ಬರೂ ಕೊಂಬುಗಳನ್ನು ದಾರದಿಂದ ಕೊರಳಿಗೆ ನೇತುಹಾಕಿಕೊಂಡರು. ಬಿಲ್ಲು ಹಿಡಿಯಲು ಎರಡು ಕೈಯೂ ಬೇಕಲ್ಲ. ನಡುವೆ ಒಂದು ಪೊದೆ ಮಾತ್ರ ಉಳಿಯಿತು. ದುಗ್ಗಣ್ಣನಿಗೆ ಮಂಜಿನಲ್ಲಿ ಕಂದು ಬಣ್ಣದ ಮೈ ಅಲುಗಿದ್ದು ಕಂಡಿತು. ಅದರ ಮೇಲೆ ಕೊಂಬಿನ ತುದಿ ಕಂಡಿತು. ಅವನು ಕೊಂಬನ್ನು ಮಾತ್ರ ನೋಡಿದ. ಅದರ ಹಿಂದೆ ಯಾರಿದ್ದಾರೆಂದು ನೋಡಲಿಲ್ಲ. ಹೆದೆ ಎಳೆದು ಬಾಣ ಬಿಟ್ಟ.

"ಅಯ್ಯೋ ಅವ್ವಾ!"

ಕಡವೆ ಅವ್ವಾ ಎನ್ನುವುದಿಲ್ಲ.

ದುಗ್ಗಣ್ಣ ಬಿಲ್ಲು ಬಿಸಾಡಿ ಪೊದೆ ನುಗ್ಗಿದ. ಹಾಲಪ್ಪ ಅಂಗಾತ ಬಿದ್ದಿದ್ದ. ಬಾಣ ಎದೆಯ ಮೇಲಿನ ಕೊಂಬಿಗೆ ತಾಗಿ, ಅದನ್ನು ಸೀಳಿ, ಪಕ್ಕಕ್ಕೆ ಜಾರಿ ಬಲಭುಜಕ್ಕೆ ನೆಟ್ಟಿತ್ತು. ಕಂಬಳಿಯೆಲ್ಲ ರಕ್ತ. ಕೊಂಬು ಇಲ್ಲದಿದ್ದರೆ ಬಾಣ ಎದೆಗೇ ಹೋಗುತ್ತಿತ್ತು.

"ಹಾಲಪ್ಪಾ! ನೀನಾ? ಜೇನಿಗೆ ಹೋಗಿದ್ದೆ ಅಂದ್ರಲ್ಲೋ!"

"ನೀನು ಬಿದ್ರಿಗೆ ಹೋಗಿದ್ದೆ ಅಂದ್ರಲ್ಲಣ್ಣ!"

ಹಾಲಪ್ಪನ ಎಡಗೈಯಲ್ಲಿ ಬಿಲ್ಲು ಇನ್ನೂ ಇತ್ತು. ಹೂಡಿದ್ದ ಬಾಣ ಪಕ್ಕದಲ್ಲೇ ಬಿದ್ದಿತ್ತು. ಅದರ ಮೊನೆ ತಾನು ನಿಂತಿದ್ದ ಕಡೆಗೇ ಇದ್ದುದನ್ನು ದುಗ್ಗಣ್ಣ ಆಗ ನೋಡಿದ.

"ನಾನೂ ಕಡವೆ ಅಂತಾನೇ ಹೆದೆ ಎಳೀತಿದ್ದೆ ಅಣ್ಣ," ಎಂದು ಹಾಲಪ್ಪ ಏದುಸಿರು ಬಿಡುತ್ತ ಹೇಳಿದ. "ಮಂಜಿನಾಗೆ ನಿನ್ನ ಕೊಂಬು ಕಾಣ್ತು. ನೀನು ಒಂಚೂರು ತಡ ಮಾಡಿದ್ರೆ..."

ದುಗ್ಗಣ್ಣ ತಲೆ ತಗ್ಗಿಸಿ ತನ್ನ ಎದೆ ನೋಡಿಕೊಂಡ. ಅಲ್ಲಿ ಕೊಂಬು ತೂಗುತ್ತಿತ್ತು. ಹೊಡೆದದ್ದಕ್ಕೆ ಹೆದರಿದನೋ, ಹೊಡೆಸಿಕೊಳ್ಳದೆ ಉಳಿದದ್ದಕ್ಕೆ ಹೆದರಿದನೋ ಅವನಿಗೇ ತಿಳಿಯಲಿಲ್ಲ.

ರಕ್ತ ನಿಲ್ಲುತ್ತಿರಲಿಲ್ಲ. ಬಾಣವನ್ನು ಕೀಳದೆ, ಗಾಯದ ಸುತ್ತ ಕಟ್ಟಲು ಬಟ್ಟೆಗಾಗಿ ದುಗ್ಗಣ್ಣ ತಡಕಾಡಿದ. ಸೊಂಟದಲ್ಲಿ ಕೆಂಪು ಬಟ್ಟೆ ಸಿಕ್ಕಿತು. ಅದು ಸಾಲಲಿಲ್ಲ. ಹಾಲಪ್ಪನ ಸೊಂಟಕ್ಕೆ ಕೈ ಹಾಕಿದ. ಹಳದಿ ಬಟ್ಟೆ ಬಂತು. ಎರಡನ್ನೂ ಒಂದಕ್ಕೊಂದು ಗಂಟು ಹಾಕಿ ಭುಜಕ್ಕೆ ಬಿಗಿದ. ಮತ್ತಿಮರದಲ್ಲಿ ಇರಬೇಕಾಗಿದ್ದ ಎರಡು ಬಟ್ಟೆ ತನ್ನ ಕೈಯಲ್ಲಿ ಒದ್ದೆಯಾಗುತ್ತಿದ್ದುದನ್ನು ನೋಡಿ ಅವನು ಗಟ್ಟಿಯಾಗಿ ಅತ್ತುಬಿಟ್ಟ.

ಹಾಲಪ್ಪನನ್ನು ಬೆನ್ನಮೇಲೆ ಹೊತ್ತು ಇಳಿದ. ಹಳ್ಳ ದಾಟುವಾಗ ಇಬ್ಬರೂ ಅದನ್ನು ಕಂಡರು. ಬೈರಜ್ಜ ಹೇಳಿದ್ದ ಅದೇ ನೆಲ್ಲಿಮರದ ಕೆಳಗೆ ಬೂದಿಬೆನ್ನ ನಿಂತಿತ್ತು. ಉದುರಿದ ನೆಲ್ಲಿಕಾಯಿಗಳನ್ನು ಒಂದೊಂದಾಗಿ ತಿನ್ನುತ್ತಿತ್ತು. ಅದರ ತಲೆ ಬೋಳಾಗಿತ್ತು. ಬೇಟೆಗಾಲ ಮುಗಿಯುತ್ತ ಬಂದಾಗ ಕೊಂಬು ತಾನಾಗಿ ಉದುರುತ್ತದೆ. ಇದರದು ಉದುರಿ ಎಷ್ಟೋ ದಿನವಾಗಿತ್ತು. ಒಂದು ಕೊಂಬು ಅಲ್ಲೇ ಎಲೆಗಳ ನಡುವೆ ಬಿದ್ದಿತ್ತು, ಮುಳ್ಳುಹಂದಿ ಅದರ ಅರ್ಧ ಕಡಿದು ಹಾಕಿತ್ತು. ಕಡವೆ ಇವರನ್ನು ಒಮ್ಮೆ ನೋಡಿತು. ಆಮೇಲೆ ಹಳ್ಳದ ಆಚೆ ಸರಿದು ನಿಂತಿತು.

"ಅಣ್ಣ, ಇದಕ್ಕಾ?" ಎಂದ ಹಾಲಪ್ಪ ಬೆನ್ನಮೇಲಿನಿಂದ.

ದುಗ್ಗಣ್ಣ ಬಿದ್ದ ಕೊಂಬನ್ನು ದಾಟಿಕೊಂಡು ನಡೆದ.

ಹಟ್ಟಿಗೆ ಹಟ್ಟಿಯೇ ಓಡಿ ಬಂತು. ಲಕ್ಕಮ್ಮ ಕೂಗಿಕೊಂಡಳು. ಹೊನ್ನಮ್ಮ ಗಂಡನ ಮುಖವನ್ನೂ ತಂಗಿಯ ಮುಖವನ್ನೂ ನೋಡಲಾರದೆ ಗೋಡೆಗೆ ಒರಗಿ ಕುಸಿದಳು. ಬೈರಜ್ಜ ಬಾಣ ತೆಗೆದು ಸೊಪ್ಪು ಅರೆದು ಕಟ್ಟಿದ. ಹಾಲಪ್ಪನ ಜೀವ ಉಳಿಯಿತು. ಆದರೆ ಅವನ ಬಲಗೈ ಮತ್ತೆಂದೂ ಭುಜದ ಮೇಲಕ್ಕೆ ಏಳಲಿಲ್ಲ. ಹೆದೆ ಎಳೆಯುವ ಕೈ ಅದು.

ಎಲ್ಲ ಮುಗಿದ ಮೇಲೆ ಬೈರಜ್ಜ ಕೈ ತೊಳೆದುಕೊಂಡು ಬಂದ. ದುಗ್ಗಣ್ಣನನ್ನು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದ.

"ಕೊಂಬಿನ ಸದ್ದು ಕೇಳ್ದಾಗ ನಾನು ಹೇಳ್ಕೊಟ್ಟಿದ್ದು ನಿಂಗೆ ಮರ್ತೇ ಹೋಯ್ತೇನ್ಲಾ?"

ಹೌದು ಎನ್ನುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನೀವೂ ಹಾಗೆಯೇ ಅಂದುಕೊಂಡಿರಬೇಕು.

"ಇಲ್ಲ ಮಾವ," ಎಂದ ದುಗ್ಗಣ್ಣ. "ನೆಪ್ಪಾಯ್ತು. ನಿನ್ನ ಮಾತು ಕಿವಿಯಾಗೇ ಇತ್ತು. ಇದೊಂದ್ಸಲ ಹಂಗಿರಲ್ಲ ಅಂದ್ಕಂಡೆ."

ಒಳಗೆ ಚಾಪೆಯ ಮೇಲಿದ್ದ ಹಾಲಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅವನಿಗೂ ನೆನಪಾಗಿತ್ತು.

ಬೈರಜ್ಜ ಜಗಲಿಯ ಮೇಲೆ ಮೆಲ್ಲಗೆ ಕೂತ. ಅವನಿಗೆ ಅಷ್ಟು ವಯಸ್ಸಾಗಿದೆ ಎಂದು ಹಟ್ಟಿಯವರಿಗೆ ಗೊತ್ತಾದದ್ದು ಅಂದೇ.

"ಮರ್ತಿದ್ರೆ ಇನ್ನೊಂದ್ಸಲ ಹೇಳ್ಕೊಡ್ತಿದ್ದೆ," ಎಂದ. "ನೆಪ್ಪಿದ್ದೂ ಬಾಣ ಬಿಟ್ಟೋನಿಗೆ ನಾನು ಇನ್ನೇನು ಹೇಳ್ಕೊಡ್ಲಿ?"



ಮರುದಿನ ದುಗ್ಗಣ್ಣ ತನ್ನ ಬಾಗಿಲ ಮೇಲಿನ ಕೊಂಬನ್ನು ಇಳಿಸಿದ. ಆಮೇಲೆ ಪಕ್ಕದ ಮನೆಗೆ ಹೋದ. ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಿ ಹಾಲಪ್ಪನಿಗೆ ತುತ್ತು ಮಾಡಿ ತಿನ್ನಿಸಿದ. ಆ ಕೈ ಗುಣವಾಗುವವರೆಗೆ, ಗುಣವಾಗುವಷ್ಟು ಗುಣವಾದ ಮೇಲೂ, ಎರಡು ಮನೆಗೂ ಅವನೇ ದುಡಿದ. ಎರಡು ಬಟ್ಟೆಗಳ ಆ ಗಂಟನ್ನು ಬೈರಜ್ಜ ತೊಳೆಯಲು ಬಿಡಲಿಲ್ಲ. ರಕ್ತ ಒಣಗಿ ಕಪ್ಪಾದ ಹಾಗೆಯೇ ಅದನ್ನು ಮತ್ತಿಮರಕ್ಕೆ ಕಟ್ಟಿಸಿದ. ಅದನ್ನು ಬಿಚ್ಚಲು ಯಾರಿಗೂ ಬಿಡಲಿಲ್ಲ. ಕಾಡಿಗೆ ಹೋಗುವ ಪ್ರತಿಯೊಬ್ಬನೂ ತನ್ನ ಬಟ್ಟೆಯನ್ನು ಅದರ ಪಕ್ಕದಲ್ಲೇ ಕಟ್ಟಿ ಹೋಗುತ್ತಿದ್ದ.

ನೀತಿ: ಮರೆತು ಮಾಡಿದ ತಪ್ಪಿಗೆ ಮತ್ತೆ ಕಲಿಸುವವರು ಸಿಗುತ್ತಾರೆ. ಗೊತ್ತಿದ್ದೂ, 'ಇದೊಂದು ಸಲ ಹಾಗಿರಲ್ಲ' ಎಂದು ಆಸೆಯ ಮಾತು ಕೇಳಿ ಮಾಡಿದ ತಪ್ಪಿಗೆ ಕಲಿಸುವವರು ಯಾರೂ ಇಲ್ಲ. ನಿಮ್ಮ ಮನಸ್ಸು ನಿಮಗೆ ಬೇಕಾದ ಕಾರಣವನ್ನೇ ಹುಡುಕಿ ಕೊಡುತ್ತಿದೆ ಅನ್ನಿಸಿದಾಗ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಪೊದೆಯ ಆಚೆ ನಿಮ್ಮವರೇ ಇರಬಹುದು.