ಬೇವಿನ ಅಧ್ಯಾಯ

ನಾನು ದೇಶದ ಔಷಧಿ ಗಿಡಗಳ ಅಧಿಕೃತ ಆಕರಗ್ರಂಥ. ನಲವತ್ತು ಪಂಡಿತರು ಹದಿನೆಂಟು ವರ್ಷ ಕೂತು ನನ್ನನ್ನು ಬರೆದರು. ಒಂದು ದಿನ ಹುಳವೊಂದು ನನ್ನ ಬೇವಿನ ಅಧ್ಯಾಯವನ್ನು ಮೇಯತೊಡಗಿತು.

“ನಿಲ್ಲು! ಬೇವು ಹುಳಗಳಿಗೆ ವಿಷವೆಂದು ನೀನು ತಿನ್ನುತ್ತಿರುವ ಸಾಲಿನಲ್ಲೇ ಬರೆದಿದೆ,” ಎಂದು ಗದರಿದೆ.

“ಕಾಗದ ಬಲು ರುಚಿ, ಸ್ವಾಮಿ,” ಎಂದ ಹುಳ ಅಧ್ಯಾಯ ಮುಗಿಸಿತು.

ಗ್ರಂಥಾಲಯದ ಕಸ ಗುಡಿಸುವ ಚೌಡಮ್ಮ ನನ್ನನ್ನು ಕೊಡವಿ, “ಅಯ್ಯೋ, ಇಷ್ಟು ದಪ್ಪ ಇದ್ದೂ ಹುಳ ಹಿಡಿದೈತಲ್ಲ!” ಎಂದು, ಅಕ್ಕಿ ಡಬ್ಬಕ್ಕೆ ಹಾಕುವಂತೆ ಒಂದು ಒಣ ಬೇವಿನೆಲೆಯನ್ನು ನನ್ನೊಳಗಿಟ್ಟಳು. ಹುಳ ಓಡಿತು.

“ನನ್ನ ಬಗ್ಗೆ ತಾವೇನು ಬರೆದಿದ್ದೀರಿ?” ಎಂದು ಎಲೆ ವಿನಯದಿಂದ ಕೇಳಿತು.

“ಆ ಹುಳವನ್ನೇ ಕೇಳಪ್ಪ. ಇಷ್ಟು ವರ್ಷದಲ್ಲಿ ಆ ಅಧ್ಯಾಯವನ್ನು ಪೂರ್ತಿ ಮುಗಿಸಿದ್ದು ಅದೊಂದೇ,” ಎಂದೆ.