ಗಾಜಿನ ಪೆಟ್ಟಿಗೆಯ ಎರಡು ಫೋನುಗಳು

ನಜೀರನ ರಿಪೇರಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಹಳೇ ಬಟನ್ ಫೋನುಗಳಿದ್ದವು. "ನನ್ನಲ್ಲಿ ರೇಡಿಯೊ ಇದೆ, ನಾನೇ ಮೇಲು," ಎಂದು ಕೆಂಪು ಫೋನು ದಿನವೂ ಜಂಬ ಕೊಚ್ಚುತ್ತಿತ್ತು. ಟಾರ್ಚ್ ಇದ್ದ ಕರಿ ಫೋನಿಗೆ ಆ ವಾದ ಕೇಳಿ ಕೇಳಿ ಸಾಕಾಗಿತ್ತು.

ಒಂದು ದಿನ ಸುಕನ್ಯಾ ಎಂಬ ಗಿರಾಕಿ ಎರಡನ್ನೂ ಅಂಗೈಯಲ್ಲಿಟ್ಟು ಸವರಿದಳು. "ಆಗೆಲ್ಲ ನೆನಪಾಯ್ತು ಅಂತ ತಿಳಿಸೋಕೆ ಮಿಸ್ಡ್ ಕಾಲ್ ಕೊಡ್ತಿದ್ವಿ. ಯಾರಾದ್ರೂ ಎತ್ತಿಬಿಟ್ರೆ ದುಡ್ಡು ಹೋಯ್ತು ಅಂತ ಜಗಳ!" ಎಂದು ನಕ್ಕಳು. ಕೊಳ್ಳುತ್ತಾಳೇನೋ ಎಂದು ಕರಿ ಫೋನಿಗೂ ಆಸೆ ಚಿಗುರಿತು.

"ಯಾವುದು ಕೊಡಲಿ ಮೇಡಂ?" ಎಂದ ನಜೀರ್.

"ಅಯ್ಯೋ, ಇದರಲ್ಲಿ ವಾಟ್ಸಾಪ್ ಎಲ್ಲಿ ಬರುತ್ತೆ?" ಎಂದವಳು ತನ್ನ ದೊಡ್ಡ ಫೋನಿನಲ್ಲಿ ಎರಡರ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ ಹೊರಟಳು.

"ನಮ್ಮಲ್ಲಿ ಗೆದ್ದವರು ಯಾರು?" ಎಂದಿತು ಕೆಂಪು ಫೋನು.

"ಮಲಗು ತಮ್ಮಾ," ಎಂದಿತು ಕರಿ ಫೋನು. "ಅವಳು ನಮಗೂ ಮಿಸ್ಡ್ ಕಾಲ್ ಕೊಟ್ಟು ಹೋದಳು. ನೆನಪಾಯ್ತು ಅಂತ, ಅಷ್ಟೇ; ನಾವು ಆಸೆಪಟ್ಟು ಎತ್ತಬಾರದಿತ್ತು."