ಬಡಿಸುವವನ ಎಲೆ

"ಅಯ್ಯನವರೇ, ಎಲ್ಲರ ಸೇವೆ ಮಾಡುವವನನ್ನು ದೀನಮನಸ್ಸಿನವನು ಎನ್ನಬಹುದಲ್ಲವೆ?" ಎಂದು ಶಿಷ್ಯನು ಕೇಳಿದನು.

ಗುರುಗಳು ಸತ್ಯವೇದವನ್ನು ಮುಚ್ಚಿಟ್ಟು ಹೇಳಿದರು:

ಒಂದು ಊರಿನ ಕ್ರೈಸ್ತ ಸಭೆಯಲ್ಲಿ ಒಬ್ಬ ವರ್ತಕನಿದ್ದನು. ಅವನು ಹುಟ್ಟಿದ ಮನೆಯಲ್ಲಿ ಬೇರೆಯವರು ಮುಟ್ಟಿದ ನೀರನ್ನು ಕುಡಿಯುತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟು ಅವನು ದೀಕ್ಷಾಸ್ನಾನ ಪಡೆದಿದ್ದನು. ಹಬ್ಬದ ಆರಾಧನೆ ಮುಗಿದ ಮೇಲೆ ಸಭೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅಲ್ಲಿಯ ವಾಡಿಕೆ. ಅಡುಗೆಯ ಸರದಿ ಒಂದೊಂದು ಹಬ್ಬಕ್ಕೆ ಒಂದೊಂದು ಮನೆಯದು. ಬಡಿಸುವವನು ಮಾತ್ರ ಯಾವಾಗಲೂ ಈ ವರ್ತಕನೇ. ಸೊಂಟಕ್ಕೆ ವಸ್ತ್ರ ಬಿಗಿದು ಕೂಲಿಯವರಿಗೂ ಬಗ್ಗಿ ಬಗ್ಗಿ ಬಡಿಸುವನು. ಎಂಜಲೆಲೆಗಳನ್ನು ತಾನೇ ಎತ್ತುವನು. ಆಮೇಲೆ ಮನೆಗೆ ಹೋಗಿ ಉಣ್ಣುವನು. ಅದನ್ನೂ ಜನರು ದೀನತೆಯೆಂದೇ ತಿಳಿದರು. ಅವನೂ ಹಾಗೆಯೇ ತಿಳಿದಿದ್ದನು.

ಒಂದು ವರ್ಷ ಚಪ್ಪಲಿ ಹೊಲಿಯುವವನೊಬ್ಬನು ತಾಯಿಯೊಡನೆ ಸಭೆಗೆ ಸೇರಿದನು. ಸುಗ್ಗಿ ಹಬ್ಬದ ಅಡುಗೆ ಅವರ ಪಾಲಿಗೆ ಬಂತು. ಕೆಲವರು ಮುಖ ಮುಖ ನೋಡಿಕೊಂಡರು. ಮುದುಕಿಗೆ ಒಂದೇ ಚಿಂತೆ. ತನ್ನ ಕೈಯ ಅನ್ನವನ್ನು ಇವರು ಬೇಡವೆಂದರೆ ಮಗನು ಮತ್ತೆ ಸಭೆಯ ಬಾಗಿಲು ತುಳಿಯುವವನಲ್ಲ.

ವರ್ತಕನು ಮುಂದೆ ನಿಂತು ಎಲ್ಲರನ್ನೂ ಕರೆದು ಕೂರಿಸಿದನು. ಎಲ್ಲರೂ ಉಂಡರು. ಅವನು ಎಲೆ ಎತ್ತತೊಡಗಿದಾಗ ಮುದುಕಿ ಪಂಕ್ತಿಯ ಕೊನೆಯಲ್ಲಿ ಇನ್ನೊಂದು ಎಲೆ ಹಾಸಿದಳು.

"ಬಾ ನನ್ನಪ್ಪ, ನೀನೂ ಕೂತ್ಕೋ. ನಾನು ಬಡಿಸ್ತೀನಿ."

"ನನಗ್ಯಾಕಮ್ಮ? ಸೇವಕ ನಾನು. ಎಲೆ ಎತ್ತೋ ಭಾಗ್ಯ ಸಿಕ್ಕಿತಲ್ಲ, ಅಷ್ಟು ಸಾಕು."

"ಯಾಕಪ್ಪ, ಸಾರು ಕೆಟ್ಟಿದೆಯಾ? ಇವರೆಲ್ಲ ಎರಡೆರಡು ಸಲ ಹಾಕಿಸ್ಕೊಂಡ್ರಲ್ಲ! ಎಂಜಲು ಎತ್ತೋ ಕೈಗಿಲ್ಲದ ಮೈಲಿಗೆ, ಉಣ್ಣೋ ಬಾಯಿಗಿದೆಯಾ?"

ಮಗನು ಬಾಗಿಲ ಬಳಿ ನಿಂತು ನೋಡುತ್ತಿದ್ದನು.

ಬಡಿಸುವವನು ಪಂಕ್ತಿಯಲ್ಲಿ ಕೂರಬೇಕಾಗಿಲ್ಲ. ಇಷ್ಟು ವರ್ಷ ತಾನು ಸೌಟು ಹಿಡಿದದ್ದು ಅದಕ್ಕಾಗಿಯೇ ಎಂಬುದು ವರ್ತಕನಿಗೆ ಆಗ ಹೊಳೆಯಿತು. ಅವನು ಎಲೆಗಳನ್ನು ಕೆಳಗಿಟ್ಟನು. ಕೈ ತೊಳೆದು ಬಂದು ಕುಳಿತನು. ಮೊದಲ ತುತ್ತು ಬಾಯಿಗಿಟ್ಟನು. ನೀರು ಬೇಡಿದನು. ಮುದುಕಿ ತನ್ನ ಚೊಂಬನ್ನೇ ಕೊಟ್ಟಳು. ಕುಡಿದನು. ಆಮೇಲೆ ಉಂಡನು. ಮಗನು ಬಾಗಿಲು ಬಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಂತೂ ಆ ವರ್ತಕನು ತನ್ನನ್ನು ತಾನು ಗೆದ್ದನು, ಅಯ್ಯನವರೇ" ಎಂದು ಶಿಷ್ಯನು ಸಂತೋಷಪಟ್ಟನು.

"ಅವನದು ಮುಗಿಯಿತು" ಎಂದರು ಗುರುಗಳು. "ನೀನು ಇನ್ನೂ ಯಾರ ಮನೆಯಲ್ಲಿ ಉಂಡಿಲ್ಲ?"